ಇರ್ಪು ಜಲಪಾತ ಮತ್ತು ಲಕ್ಷ್ಮಣತೀರ್ಥದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಣಸೂರಿನವನು. ನಮ್ಮೂರಿನ ಪಕ್ಕದಲ್ಲೇ ಲಕ್ಷ್ಮಣತೀರ್ಥ ಹರಿಯುತ್ತದೆ. ಚಿಕ್ಕವನಿದ್ದಾಗ ಅದು ನನಗೆ ಬರೀ ‘ಹೊಳೆ’. ಅದಕ್ಕೊಂದು ಹುಟ್ಟು ಇದೆ, ಆ ಹುಟ್ಟಿಗೊಂದು ಕಥೆ ಇದೆ ಅಂತ ಗೊತ್ತಾಗಿದ್ದು ಒಂದು ಶಿವರಾತ್ರಿಗೆ ಅಜ್ಜಿ ನನ್ನನ್ನು ಇರ್ಪುವಿಗೆ ಕರೆದುಕೊಂಡು ಹೋದಾಗ. ಆಮೇಲೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಹೊರಡುವ ಮುಂಚೆ ನನ್ನನ್ನು ಕೇಳುತ್ತಾರೆ. ಹೋಗಿ ಬಂದ ಮೇಲೆ ಕಥೆಯ ಬಗ್ಗೆ ಇನ್ನೂ ಜಾಸ್ತಿ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಲ್ಲಿ ಇಟ್ಟಿದ್ದೇನೆ.

ಮೊದಲ ಸಲ ಹೋಗುವವರಿಗೆ

ಇರ್ಪು ಅಂದ್ರೆ ಎಲ್ಲಿ ಬರುತ್ತೆ? ಇರುಪ್ಪು, ಇರ್ಪು ಎರಡೂ ಒಂದೇನಾ?

ಎರಡೂ ಒಂದೇ. ಬೋರ್ಡುಗಳಲ್ಲಿ ಇರ್ಪು, ಇರುಪು, ಇರುಪ್ಪು ಅಂತ ಮೂರು ತರ ಬರೆದಿರುವುದನ್ನು ನೋಡುತ್ತೀರಿ. ಜಾಗ ಇರುವುದು ದಕ್ಷಿಣ ಕೊಡಗಿನಲ್ಲಿ, ಶ್ರೀಮಂಗಲ ಮತ್ತು ಕುಟ್ಟದ ಮಧ್ಯೆ, ಕುರ್ಚಿ ಗ್ರಾಮದ ಹತ್ತಿರ. ಈಗ ಪೊನ್ನಂಪೇಟೆ ತಾಲ್ಲೂಕು, ಮೊದಲು ವಿರಾಜಪೇಟೆ ತಾಲ್ಲೂಕಿಗೆ ಸೇರಿತ್ತು. ಹಿಂದೆ ಕಾಣುವ ಬೆಟ್ಟ ಬ್ರಹ್ಮಗಿರಿ. ಆ ಬೆಟ್ಟದ ಆಚೆ ಬದಿ ಕೇರಳದ ವಯನಾಡು. ನೀರು ಬೀಳುವ ಎತ್ತರ ಸುಮಾರು 170 ಅಡಿ. ಒಂದೇ ಏಟಿಗೆ ಬೀಳುವುದಿಲ್ಲ, ಬಂಡೆಯಿಂದ ಬಂಡೆಗೆ ಹಂತ ಹಂತವಾಗಿ ಇಳಿದು ಬರುತ್ತದೆ.

ಬೆಂಗಳೂರು, ಮೈಸೂರಿನಿಂದ ಯಾವ ದಾರಿ ಒಳ್ಳೇದು?

ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್, ಮೈಸೂರಿನಿಂದ ಸುಮಾರು 120. ಹುಣಸೂರಿನವರೆಗೆ ಎಲ್ಲರಿಗೂ ಒಂದೇ ದಾರಿ. ಅಲ್ಲಿಂದ ಎರಡು ಕವಲು. ಒಂದು ನಾಗರಹೊಳೆ ಕಾಡಿನ ಒಳಗಿಂದ ಕುಟ್ಟಕ್ಕೆ ಹೋಗುತ್ತದೆ. ಹತ್ತಿರದ ದಾರಿ, ನೋಡಲು ಚೆಂದ. ಆದರೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಕಾಡಿನ ಮಧ್ಯೆ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಇನ್ನೊಂದು ತಿತಿಮತಿ, ಗೋಣಿಕೊಪ್ಪಲು, ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ಮೇಲೆ ಹೋಗುತ್ತದೆ. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ದಾರಿಯಲ್ಲಿ ಊರುಗಳಿವೆ, ಊಟ ಸಿಗುತ್ತದೆ, ಹೊತ್ತಾಯಿತು ಅನ್ನುವ ಗಾಬರಿ ಇಲ್ಲ. ಶ್ರೀಮಂಗಲ ದಾಟಿ ಕುಟ್ಟದ ಕಡೆ ಹೋಗುವಾಗ ಬಲಕ್ಕೆ ಬೋರ್ಡು ಸಿಗುತ್ತದೆ.

ವಿರಾಜಪೇಟೆಯಿಂದ 48 ಕಿಲೋಮೀಟರ್, ಮಡಿಕೇರಿಯಿಂದ ಸುಮಾರು 80. ಕೊಡಗಿಗೆ ರೈಲಿಲ್ಲ. ಬಸ್ಸಿನಲ್ಲಿ ಬರುವವರು ಕುಟ್ಟಕ್ಕೋ ಶ್ರೀಮಂಗಲಕ್ಕೋ ಬಂದು, ಅಲ್ಲಿಂದ ಆಟೋ ಅಥವಾ ಜೀಪು ಹಿಡಿಯಬೇಕು. ವಾಪಸ್ ಬರುವುದಕ್ಕೂ ಅದೇ ಆಟೋದವರ ಹತ್ತಿರ ಮಾತಾಡಿಕೊಂಡು ಬಿಡಿ. ಸಂಜೆ ಅಲ್ಲಿ ಸುಮ್ನೆ ಕಾಯುತ್ತಾ ನಿಂತರೆ ಗಾಡಿ ಸಿಗುವುದು ಕಷ್ಟ.

ಯಾವ ತಿಂಗಳಲ್ಲಿ ಹೋದರೆ ನೀರು ಚೆನ್ನಾಗಿರುತ್ತೆ?

ಚೆನ್ನಾಗಿರುವ ನೀರು ಬೇಕೋ, ತುಂಬಾ ನೀರು ಬೇಕೋ? ಎರಡೂ ಬೇರೆ ಬೇರೆ. ಜುಲೈ, ಆಗಸ್ಟಿನಲ್ಲಿ, ಕೊಡಗಿನವರು ಕಕ್ಕಡ ಅನ್ನುವ ತಿಂಗಳಲ್ಲಿ, ಮಳೆ ಬಿಡುವುದೇ ಇಲ್ಲ. ಆಗ ಜಲಪಾತ ಬೆಳ್ಳಗೆ ಗೋಡೆಯ ಹಾಗೆ ಬೀಳುತ್ತದೆ. ಸದ್ದು ದೇವಸ್ಥಾನದವರೆಗೂ ಕೇಳುತ್ತದೆ. ಆದರೆ ಹತ್ತಿರ ಹೋಗಲು ಆಗುವುದಿಲ್ಲ. ಮಳೆ ಜಾಸ್ತಿಯಾದರೆ ಒಳಗೆ ಬಿಡುವುದೂ ಇಲ್ಲ. ಆ ಹೊತ್ತಿಗೆ ಹೋದವರು ಯಾರದಾದರೂ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಸಿಕ್ಕರೆ ಬಿಡಬೇಡಿ. ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಅದನ್ನು ಮಾಡುತ್ತಾರೆ. ಬಣ್ಣ ನೇರಳೆ, ವಾಸನೆ ಬೇರೆ ಯಾವ ಪಾಯಸಕ್ಕೂ ಇಲ್ಲದ್ದು.

ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸರಿಯಾದ ಸಮಯ. ಕೆಂಪು ನೀರು ತಿಳಿಯಾಗಿರುತ್ತದೆ, ದಾರಿ ಒಣಗಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಸಣ್ಣದಾಗುತ್ತದೆ. ಆದರೆ ಒಂದು ಮಳೆ ಬಿದ್ದರೆ ದಾರಿಯುದ್ದಕ್ಕೂ ಕಾಫಿ ಹೂ ಅರಳಿ ಮಲ್ಲಿಗೆ ಹಾಗೆ ಘಮ್ ಅನ್ನುತ್ತಿರುತ್ತದೆ. ಅದಕ್ಕಾಗಿ ಹೋಗುವುದಾದರೆ ನೀರು ಕಮ್ಮಿ ಅಂತ ಬೇಜಾರು ಮಾಡಿಕೊಳ್ಳಬೇಡಿ.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ? ಎಷ್ಟು ನಡೀಬೇಕು?

ದೇವಸ್ಥಾನದ ಹತ್ತಿರದವರೆಗೆ ಗಾಡಿ ಹೋಗುತ್ತದೆ. ಅಲ್ಲಿಂದ ಟಿಕೆಟ್ ತೆಗೆದುಕೊಂಡು ಸುಮಾರು ಒಂದು ಕಿಲೋಮೀಟರ್ ನಡಿಗೆ. ಮಧ್ಯೆ ಒಂದು ತೂಗುಸೇತುವೆ ಇದೆ. ಆಮೇಲೆ ಕಲ್ಲಿನ ಮೆಟ್ಟಿಲು, ಕೊನೆ ಕೊನೆಗೆ ಏರು ಜಾಸ್ತಿ. ಮಂಡಿ ನೋವು ಇದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ನನ್ನ ಅಜ್ಜಿ ಎಪ್ಪತ್ತು ದಾಟಿದ ಮೇಲೂ ಹತ್ತಿದರು. ಹತ್ತು ಹೆಜ್ಜೆಗೊಮ್ಮೆ ನಿಂತು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ.

ಹತ್ತಲು ಆಗದವರಿಗೂ ನಷ್ಟವಿಲ್ಲ. ಕೆಳಗೆ ಗದ್ದೆಗಳ ಮಧ್ಯೆ ರಾಮೇಶ್ವರ ದೇವಸ್ಥಾನ ಇದೆ. ಜಲಪಾತದಿಂದ ಇಳಿದ ಅದೇ ನೀರು ಅಲ್ಲಿಯೂ ಹರಿಯುತ್ತದೆ. ಅಪ್ಪ ಅಮ್ಮನನ್ನು ಅಲ್ಲಿ ಕೂರಿಸಿ, ಕಾಲು ನೀರಲ್ಲಿ ಇಡಿಸಿ. ನೀವು ಮೇಲೆ ಹೋಗಿ ಬನ್ನಿ.

ಊಟ, ವಸತಿ ಹೇಗೆ?

ಜಲಪಾತದ ಹತ್ತಿರ ದೊಡ್ಡದೇನೂ ಇಲ್ಲ. ಕುಟ್ಟ, ಶ್ರೀಮಂಗಲ, ಗೋಣಿಕೊಪ್ಪಲಿನಲ್ಲಿ ಊಟ ಸಿಗುತ್ತದೆ. ಸುತ್ತಮುತ್ತ ಹೋಂಸ್ಟೇಗಳು ಬೇಕಾದಷ್ಟಿವೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ತಿಂದು ಹೊರಟರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ.

ನೀರಿನ ಹತ್ತಿರ

ನೀರಿಗೆ ಇಳಿಯಬಹುದಾ? ಮಕ್ಕಳು ಕೇಳ್ತಾನೇ ಇದ್ದಾರೆ.

ನೀರು ಕಮ್ಮಿ ಇದ್ದಾಗ ಬುಡದಲ್ಲಿ ಜನ ತಲೆ ಒಡ್ಡಿ ನಿಲ್ಲುತ್ತಾರೆ. ತೀರ್ಥ ಅಂತ ನಂಬಿ ಬಂದವರಿಗೆ ಅದೇ ಮುಖ್ಯ. ಅವತ್ತಿನ ದಿನ ಇಳಿಯಬಹುದೋ ಬೇಡವೋ ಅಂತ ಅಲ್ಲಿರುವ ಅರಣ್ಯ ಇಲಾಖೆಯವರು ಹೇಳುತ್ತಾರೆ. ಅವರು ಬೇಡ ಅಂದರೆ ಬೇಡ. ವಾದ ಮಾಡಬೇಡಿ.

ಯಾಕೆ ಅಂತ ಹೇಳುತ್ತೇನೆ. ನೀವು ನಿಂತಿರುವ ಕಡೆ ಬಿಸಿಲಿರಬಹುದು. ಆದರೆ ನೀರು ಬರುವುದು ಮೇಲಿನ ಬೆಟ್ಟದಿಂದ. ಅಲ್ಲಿ ಮಳೆ ಹೊಯ್ದರೆ ಕೆಳಗೆ ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಅಕ್ಟೋಬರ್‌ನಲ್ಲಿ ನಾವು ಬುಡದ ಬಂಡೆ ಮೇಲೆ ಕೂತಿದ್ದೆವು. ತಿಳಿನೀರು, ಕೆಳಗಿನ ಕಲ್ಲು ಕಾಣುತ್ತಿತ್ತು. ಇದ್ದಕ್ಕಿದ್ದ ಹಾಗೆ ಒಣಗಿದ ಎಲೆ, ಕಡ್ಡಿ ತೇಲಿ ಬರತೊಡಗಿತು. ನೀರು ಸ್ವಲ್ಪ ಚಹಾ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿದ್ದ ಸ್ಥಳೀಯರೊಬ್ಬರು ಒಂದೇ ಮಾತು ಹೇಳಿದರು: ‘ಎದ್ದೇಳಿ’. ನಾವು ಮೆಟ್ಟಿಲಿಗೆ ಬಂದು ತಿರುಗಿ ನೋಡುವಷ್ಟರಲ್ಲಿ ಕೂತಿದ್ದ ಬಂಡೆ ಮುಳುಗಿತ್ತು. ಕಸಕಡ್ಡಿ ಬಂತು, ಬಣ್ಣ ಬದಲಾಯಿತು ಅಂದರೆ ಚಪ್ಪಲಿ, ಬ್ಯಾಗು ಹುಡುಕುತ್ತಾ ನಿಲ್ಲಬೇಡಿ. ಮಕ್ಕಳ ಕೈ ಹಿಡಿದು ಮೇಲೆ ಬನ್ನಿ.

ಬಂಡೆಗಳ ಮೇಲೆ ಪಾಚಿ ಇರುತ್ತದೆ. ಒಣಗಿದ ಹಾಗೆ ಕಾಣುವ ಕಪ್ಪು ಬಂಡೆಯೇ ಜಾಸ್ತಿ ಜಾರುವುದು. ಜಲಪಾತದ ಪಕ್ಕದ ಬಂಡೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಆಸೆ ಬಿಟ್ಟುಬಿಡಿ. ಸೋಪು, ಶಾಂಪೂ ಖಂಡಿತ ಬೇಡ. ಈ ನೀರನ್ನೇ ನಂಬಿ ಕೆಳಗೆ ಗದ್ದೆಗಳಿವೆ, ಊರುಗಳಿವೆ, ದನಕರುಗಳಿವೆ.

ಜಿಗಣೆ ಕಾಟ ತುಂಬಾ ಅಂತೆ, ನಿಜಾನಾ?

ಮಳೆಗಾಲದಲ್ಲಿ ನಿಜ. ಕಡ್ಡಿ ಹಾಗೆ ನೆಟ್ಟಗೆ ನಿಂತು, ತಲೆ ಆಡಿಸುತ್ತಾ, ನಿಮ್ಮ ಕಾಲು ಬರುವುದನ್ನೇ ಕಾಯುತ್ತಿರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ನೋವೂ ಇಲ್ಲ. ಕಾಲುಚೀಲ ಒದ್ದೆಯಾಯಿತಲ್ಲ ಅಂತ ನೋಡಿದರೆ ರಕ್ತ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದೆ. ಅದಕ್ಕೇ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಸೋರುತ್ತದೆ. ಹೆದರುವುದು ಬೇಡ. ಎಳೆದು ಕೀಳಬೇಡಿ. ಉಗುರಿನಿಂದ ಬಾಯಿಯ ಪಕ್ಕ ಮೆತ್ತಗೆ ಜರುಗಿಸಿ ತೆಗೆಯಿರಿ. ಆಮೇಲೆ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಹೊರಡುವಾಗ ಉದ್ದ ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿಯನ್ನೋ ಉಪ್ಪನ್ನೋ ಹಚ್ಚಿಕೊಂಡರೆ ಮುಕ್ಕಾಲು ಕಾಟ ತಪ್ಪುತ್ತದೆ. ಡಿಸೆಂಬರ್ ಹೊತ್ತಿಗೆ ಬಹಳ ಕಮ್ಮಿ.

ಮಡಿಕೇರಿ ಅಬ್ಬಿ ಜಲಪಾತ ನೋಡಿದೀವಿ. ಮತ್ತೆ ಇರ್ಪು ಯಾಕೆ ನೋಡಬೇಕು?

ಅಬ್ಬಿಯನ್ನು ದೂರದಿಂದ ನಿಂತು ನೋಡುತ್ತೀರಿ. ಇರ್ಪುವಿನಲ್ಲಿ ನೀರಿನ ಬುಡದವರೆಗೆ ನಡೆದು ಹೋಗುತ್ತೀರಿ. ತುಂತುರು ಮುಖಕ್ಕೆ ಹೊಡೆಯುತ್ತದೆ. ಅದಕ್ಕಿಂತ ಮುಖ್ಯ, ಇಲ್ಲಿಗೆ ಜನ ಬರೀ ನೋಡಲು ಬರುವುದಿಲ್ಲ, ಕೈಮುಗಿಯಲೂ ಬರುತ್ತಾರೆ. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಓಡಾಡುತ್ತಾರೆ. ಆ ವ್ಯತ್ಯಾಸ ಹೋದರೆ ಗೊತ್ತಾಗುತ್ತದೆ.

ಕಥೆಯ ಬಗ್ಗೆ

ಬಾಣ ಬಿಟ್ಟಿದ್ದು ಲಕ್ಷ್ಮಣನಾ, ರಾಮನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡು ಕಥೆಗಳಿವೆ. ಅದಕ್ಕೇ ಈ ಗೊಂದಲ.

ಮೊದಲನೆಯದು ಚಿಕ್ಕದು, ಎಲ್ಲರಿಗೂ ಗೊತ್ತಿರುವುದು. ಸೀತೆಯನ್ನು ಹುಡುಕುತ್ತಾ ರಾಮ, ಲಕ್ಷ್ಮಣ ಬ್ರಹ್ಮಗಿರಿಯ ಹತ್ತಿರ ಬಂದರು. ರಾಮನಿಗೆ ಬಾಯಾರಿಕೆಯಾಯಿತು. ಲಕ್ಷ್ಮಣ ಬೆಟ್ಟಕ್ಕೆ ಬಾಣ ಹೊಡೆದ, ನೀರು ಚಿಮ್ಮಿತು, ಅದೇ ಲಕ್ಷ್ಮಣತೀರ್ಥ.

ಎರಡನೆಯದು ಹಿರಿಯರು ಹೇಳುವುದು. ನನ್ನ ಮನಸ್ಸಲ್ಲಿ ಉಳಿದಿರುವುದು ಇದೇ. ಅಣ್ಣತಮ್ಮಂದಿರು ಬ್ರಹ್ಮಗಿರಿ ದಾಟಿ ಈ ಕಡೆ ಇಳಿಯುತ್ತಾರೆ. ಒಂದು ತೊರೆ ದಾಟುತ್ತಿದ್ದ ಹಾಗೆ ಲಕ್ಷ್ಮಣನ ಬುದ್ಧಿ ತಿರುಗುತ್ತದೆ. ಅಲ್ಲಿಯವರೆಗೆ ಒಂದು ಮಾತು ಎದುರಾಡದವನು ಬಿಲ್ಲುಬಾಣ ನೆಲಕ್ಕೆ ಹಾಕಿ, ‘ನಿನ್ನದನ್ನು ನೀನೇ ಹೊತ್ತುಕೋ, ನಾನು ಇನ್ನು ನಿನ್ನ ಹಿಂದೆ ಬರುವುದಿಲ್ಲ’ ಅನ್ನುತ್ತಾನೆ. ರಾಮನಿಗೆ ಸಿಟ್ಟು ಬರುವುದಿಲ್ಲ. ಇದು ತಮ್ಮನ ಮಾತಲ್ಲ, ಈ ನೆಲದ ಗುಣ ಅಂತ ಅವನಿಗೆ ಅರ್ಥವಾಗುತ್ತದೆ. ಸುಮ್ಮನೆ ಎಲ್ಲವನ್ನೂ ತಾನೇ ಎತ್ತಿಕೊಂಡು ಮುಂದೆ ನಡೆಯುತ್ತಾನೆ. ಆ ನೆಲ ದಾಟಿದ ಮೇಲೆ ಲಕ್ಷ್ಮಣನಿಗೆ ಮಂಕು ಕವಿದಿದ್ದು ಇಳಿಯುತ್ತದೆ. ತಾನು ಆಡಿದ್ದು ನೆನಪಾಗುತ್ತದೆ. ತಡೆಯಲಾಗದೆ ಅಗ್ನಿಬಾಣ ಬಿಟ್ಟು ಬೆಂಕಿ ಎಬ್ಬಿಸಿ, ಅದರಲ್ಲಿ ಹಾರಲು ಹೋಗುತ್ತಾನೆ. ರಾಮ ಅವನನ್ನು ಹಿಡಿದು ನಿಲ್ಲಿಸಿ, ಬ್ರಹ್ಮಗಿರಿಗೆ ಬಾಣ ಬಿಡುತ್ತಾನೆ. ಬೆಟ್ಟದಿಂದ ನೀರು ಇಳಿದು ಬಂದು ಬೆಂಕಿ ಆರಿಸುತ್ತದೆ. ನೀರು ತಂದವನು ಅಣ್ಣ, ಹೆಸರು ಮಾತ್ರ ತಮ್ಮನದು.

ಅಜ್ಜಿ ಈ ಕಥೆಯನ್ನು ಜಲಪಾತದ ಬುಡದಲ್ಲೇ ನಿಂತು ಹೇಳಿದ್ದರು. ನೀರಿನ ಸದ್ದಿಗೆ ಕೇಳಿಸದೆ ನಾನು ಅವರ ಬಾಯಿ ಹತ್ತಿರ ಕಿವಿ ಇಟ್ಟಿದ್ದೆ. ಹೇಳಿ ಮುಗಿಸಿ ಹಿತ್ತಾಳೆ ಚೊಂಬಿಗೆ ನೀರು ಹಿಡಿದರು. ಮೊದಲು ನನ್ನ ತಲೆಗೆ, ಆಮೇಲೆ ನನ್ನ ತಮ್ಮನ ತಲೆಗೆ ಹೊಯ್ದರು. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಾವಿಬ್ಬರೂ ಹೊಡೆದಾಡಿಕೊಂಡಿದ್ದೆವು.

ಈ ಕಥೆ ರಾಮಾಯಣದಲ್ಲಿ ಇದೆಯಾ?

ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಅಲ್ಲಿ ಸುಗ್ರೀವ ವಾನರರನ್ನು ದಕ್ಷಿಣಕ್ಕೆ ಕಳಿಸುವಾಗ ದಾರಿ ಹೇಳುತ್ತಾ ಕಾವೇರಿಯ ಹೆಸರು ಎತ್ತುತ್ತಾನೆ. ಲಕ್ಷ್ಮಣತೀರ್ಥದ ಮಾತು ಬರುವುದಿಲ್ಲ. ಇದು ಊರಿನವರ ರಾಮಾಯಣ. ನಮ್ಮ ಸೀಮೆಯಲ್ಲಿ ಇಂಥವು ಬೇಕಾದಷ್ಟಿವೆ. ಕೃಷ್ಣರಾಜನಗರದ ಹತ್ತಿರ ಚುಂಚನಕಟ್ಟೆಗೆ ಹೋಗಿ ನೋಡಿ. ಅಲ್ಲಿ ಕಾವೇರಿ ಧುಮುಕುವ ಕಡೆಯೂ ಇಂಥದೇ ಕಥೆ: ಸೀತೆಯ ಸ್ನಾನಕ್ಕೆ ನೀರು ಬೇಕಾಯಿತು, ಲಕ್ಷ್ಮಣ ಬಂಡೆಗೆ ಬಾಣ ಹೊಡೆದ. ಬಂಡೆಯಿಂದ ನೀರು ಬರುವ ಕಡೆಯೆಲ್ಲ ಜನರಿಗೆ ಬಾಣ ನೆನಪಾಗಿದೆ.

ಹಾಗಾದರೆ ಸುಳ್ಳಾ ಅಂತ ಕೆಲವರು ಕೇಳುತ್ತಾರೆ. ಪುಸ್ತಕದಲ್ಲಿ ಇಲ್ಲದ್ದೆಲ್ಲ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಹೊಳೆಯ ಹೆಸರೇ ಲಕ್ಷ್ಮಣತೀರ್ಥ. ಅದಕ್ಕೆ ಸೇರುವ ಇನ್ನೊಂದು ಹೊಳೆಯ ಹೆಸರು ರಾಮತೀರ್ಥ. ಕಥೆ ಕಟ್ಟಿದವರು ಅಣ್ಣತಮ್ಮಂದಿರನ್ನು ನೀರಿನಲ್ಲೂ ಬೇರೆ ಮಾಡಲಿಲ್ಲ.

‘ಕೊಡಗಿನ ಮಣ್ಣು ಜಗಳ ಮಾಡಿಸುತ್ತೆ’ ಅಂತ ಈ ಕಥೆ ಹೇಳುತ್ತಲ್ವಾ? ಅಲ್ಲಿಯವರಿಗೆ ಬೇಜಾರಾಗಲ್ವಾ?

ಹೀಗೆ ಕೇಳಿದವರು ಕೊಡಗಿನವರೇ, ಆದ್ದರಿಂದ ಯೋಚನೆ ಮಾಡಿ ಉತ್ತರ ಕೊಡಬೇಕಾಯಿತು. ನಾನು ಕೇಳಿರುವ ಕಥೆಯಲ್ಲಿ ದೋಷ ಇಡೀ ಸೀಮೆಯದ್ದಲ್ಲ, ಒಂದು ತೊರೆಯ ಆಚೆಈಚೆಯದ್ದು. ಅದನ್ನು ದಾಟಲು ಸ್ವಲ್ಪ ಹೊತ್ತಿನ ನಡಿಗೆ ಸಾಕು. ‘ನೆಲದ ಗುಣ’ ಅನ್ನುವ ಕಥೆ ಬೇರೆ ಕಡೆಯೂ ಇದೆ. ಕುರುಡು ತಂದೆತಾಯಿಯನ್ನು ಹೊತ್ತು ನಡೆದ ಶ್ರವಣಕುಮಾರ ಒಂದು ಜಾಗಕ್ಕೆ ಬಂದಾಗ ಅವರ ಹತ್ತಿರ ಕೂಲಿ ಕೇಳಿದ ಅಂತ ಉತ್ತರದ ಕಡೆ ಹೇಳುತ್ತಾರೆ. ಅಷ್ಟು ಒಳ್ಳೆಯವನು ತಪ್ಪು ಮಾತಾಡಿದ ಅಂತ ಒಪ್ಪಿಕೊಳ್ಳಲು ಜನರಿಗೆ ಮನಸ್ಸು ಬಾರದು. ಅದಕ್ಕೆ ಮಣ್ಣಿನ ಮೇಲೆ ಹಾಕುತ್ತಾರೆ. ಮೈಲಿಗಟ್ಟಲೆ ನಡೆದು, ಹಸಿದು, ದಣಿದವನಿಗೆ ಒಂದು ಗಳಿಗೆ ಸಾಕಾಗಿಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ. ಆಮೇಲೆ ಆ ಬೆಂಕಿ ಆರಿಸಿದ ನೀರು ಬಂದಿದ್ದೂ ಇದೇ ಬೆಟ್ಟದ ಒಳಗಿನಿಂದ.

ಶಿವರಾತ್ರಿಗೇ ಯಾಕೆ ಅಷ್ಟು ಜನ?

ರಾಮೇಶ್ವರ ದೇವಸ್ಥಾನದ ಲಿಂಗವನ್ನು ರಾಮನೇ ಇಟ್ಟ ಅಂತ ನಂಬಿಕೆ. ಹಾಗಾಗಿ ಶಿವರಾತ್ರಿ ಇಲ್ಲಿ ದೊಡ್ಡದು. ಜಲಪಾತದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ದೇವಸ್ಥಾನಕ್ಕೆ ಬರುತ್ತಾರೆ. ಮಿಂದರೆ ಪಾಪ ಕಳೆಯುತ್ತದೆ ಅನ್ನುವುದು ತೀರ್ಥಗಳೆಲ್ಲದರ ಮಾತು. ಆದರೆ ಇಲ್ಲಿ ಕಥೆ ಗೊತ್ತಿದ್ದವರಿಗೆ ಅದಕ್ಕೆ ಇನ್ನೂ ಒಂದು ಅರ್ಥ ಇದೆ, ಅಲ್ವಾ? ಆ ಹೊತ್ತಿಗೆ ನೀರು ಕಮ್ಮಿ ಇರುತ್ತದೆ, ಬಂಡೆ ಒಣಗಿರುತ್ತದೆ. ನಿಂತು ಮೀಯಲು ಅದೇ ಅನುಕೂಲ. ಜಲಪಾತ ಮಾತ್ರ ನೋಡಬೇಕು ಅನ್ನುವವರು ಆ ದಿನ ಬಿಟ್ಟು ಹೋಗಿ.

ಇನ್ನೂ ತಿಳಿಯಬೇಕೆನ್ನುವವರಿಗೆ

ಬ್ರಹ್ಮಗಿರಿ ತಲಕಾವೇರಿಯಲ್ಲಿ ಅಲ್ವಾ ಇರೋದು?

ಹೆಸರು ಒಂದೇ, ಬೆಟ್ಟ ಎರಡು. ತಲಕಾವೇರಿಯ ಪಕ್ಕದ ಬೆಟ್ಟಕ್ಕೂ ಬ್ರಹ್ಮಗಿರಿ ಅಂತಲೇ ಹೆಸರು. 2020ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯವರು ತೀರಿಕೊಂಡದ್ದು ಅಲ್ಲಿ. ಇರ್ಪುವಿನ ಹಿಂದಿನ ಬ್ರಹ್ಮಗಿರಿ ಅದಕ್ಕಿಂತ ಬಹಳ ತೆಂಕಲಿಗಿದೆ, ಕೇರಳದ ಗಡಿಯಲ್ಲಿ. ಈ ಎರಡನೆಯದು 1974ರಿಂದ ಬ್ರಹ್ಮಗಿರಿ ವನ್ಯಜೀವಿ ಧಾಮ. ವಿಸ್ತಾರ ಸುಮಾರು 181 ಚದರ ಕಿಲೋಮೀಟರ್. ಮ್ಯಾಪಿನಲ್ಲಿ ಬರೀ ‘ಬ್ರಹ್ಮಗಿರಿ’ ಅಂತ ಹಾಕಿ ಹೊರಟರೆ ಬೇರೆ ಬೆಟ್ಟದ ಬುಡದಲ್ಲಿ ಇಳಿದೀರಿ.

ಇನ್ನೊಂದು ಮಾತು. ಈ ಬ್ರಹ್ಮಗಿರಿಯ ಆಚೆ ಬದಿಯಲ್ಲಿ ತಿರುನೆಲ್ಲಿ ದೇವಸ್ಥಾನ ಇದೆ. ಅಲ್ಲಿ ಪಾಪನಾಶಿನಿ ಅನ್ನುವ ತೊರೆ. ತೀರಿಹೋದವರ ಕಾರ್ಯಕ್ಕೆ ಕೊಡಗಿನವರೂ ಅಲ್ಲಿಗೆ ಹೋಗುತ್ತಾರೆ. ಬೆಟ್ಟದ ಎರಡು ಬದಿಗೂ ಪಾಪ ತೊಳೆಯುವ ನೀರು ಇಳಿಯುತ್ತದೆ.

ಜಲಪಾತದ ಮೇಲಿಂದ ಬ್ರಹ್ಮಗಿರಿ ತುದಿಗೆ ಹತ್ತಬಹುದಾ?

ಹತ್ತಬಹುದು, ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಗೈಡ್ ಜೊತೆ ಮಾತ್ರ. ಹೊರಡುವ ಮುಂಚೆಯೇ ಅನುಮತಿ ಆಗಿರಬೇಕು. ಗೇಟಿಗೆ ಬಂದು ಕೇಳಿದರೆ ಆಗುವುದಿಲ್ಲ. ತುದಿ 1608 ಮೀಟರ್ ಎತ್ತರ. ದಾರಿಯಲ್ಲಿ ನರಿಮಲೆ ಕ್ಯಾಂಪ್ ಸಿಗುತ್ತದೆ. ಕೆಳಗೆ ದಟ್ಟ ಕಾಡು, ಮೇಲೆ ಹೋದ ಹಾಗೆ ಹುಲ್ಲುಗಾವಲು, ಹುಲ್ಲುಬೆಟ್ಟದ ಕಣಿವೆಗಳಲ್ಲಿ ಅಲ್ಲಲ್ಲಿ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು. ಸಿಂಗಳೀಕ ಇರುವ ಕಾಡು ಇದು, ಆನೆಯೂ ಇದೆ. ಜೋರು ಮಳೆಯಲ್ಲೂ ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲೂ ಬಿಡುವುದಿಲ್ಲ. ಕಳ್ಳದಾರಿಯಲ್ಲಿ ಹತ್ತಿಸುತ್ತೇವೆ ಅನ್ನುವವರ ಜೊತೆ ಹೋಗಬೇಡಿ.

ಮಳೆ ನಿಂತು ತಿಂಗಳುಗಟ್ಟಲೆ ಆದ ಮೇಲೂ ನೀರು ಎಲ್ಲಿಂದ ಬರುತ್ತೆ?

ಆ ಹುಲ್ಲು ಮತ್ತು ಶೋಲಾದಿಂದ. ಶೋಲಾ ಕಾಡಿನ ನೆಲದ ಮೇಲೆ ಕಾಲಿಟ್ಟರೆ ಹಾಸಿಗೆ ಮೇಲೆ ಇಟ್ಟ ಹಾಗೆ ಇಳಿಯುತ್ತದೆ. ಕೊಳೆತ ಎಲೆ, ಬೇರು, ಪಾಚಿ ಸೇರಿ ಆದ ಮಣ್ಣು ಅದು. ಮಳೆಗಾಲದಲ್ಲಿ ಕುಡಿದಿದ್ದನ್ನು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಮೇಲೆ ಬೆಂಕಿ ಬಿದ್ದು ಆ ಮಣ್ಣು ಸುಟ್ಟರೆ, ಮಳೆನೀರು ನಿಲ್ಲದೆ ಒಂದೇ ಸಲ ಕೆಳಗೆ ಓಡುತ್ತದೆ. ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿ ಬಂಡೆ. ಬೀಡಿ, ಬೆಂಕಿಪೊಟ್ಟಣ ಒಯ್ಯಬೇಡಿ ಅಂತ ಗೇಟಿನಲ್ಲಿ ಹೇಳುವುದು ಅದಕ್ಕೇ.

ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತೆ?

ಈ ಪ್ರಶ್ನೆ ಕೇಳುವವರು ಕಮ್ಮಿ. ಕೇಳಿದರೆ ನನಗೆ ಖುಷಿ.

ಇರ್ಪುವಿನಿಂದ ಇಳಿದ ಹೊಳೆ ಕಾನೂರು, ನಿಟ್ಟೂರಿನ ಕಾಫಿ ತೋಟ, ಗದ್ದೆಗಳ ಪಕ್ಕ ಹರಿದು ಮೈಸೂರು ಜಿಲ್ಲೆಗೆ ಬರುತ್ತದೆ. ಹನಗೋಡಿನಲ್ಲಿ ಅಣೆಕಟ್ಟೆ ಕಟ್ಟಿ ನಾಲೆಗೆ ತಿರುಗಿಸಿದ್ದಾರೆ, ಅದರ ಕೆಳಗೆ ಭತ್ತ ಬೆಳೆಯುತ್ತಾರೆ. ಆಮೇಲೆ ನಮ್ಮ ಹುಣಸೂರು. ಇಲ್ಲಿ ಹೊಳೆಗೆ ಊರಿನ ಕೊಳಚೆ ಸೇರುತ್ತದೆ. ಹೇಳಲು ಸಂಕಟ. ಮೇಲೆ ತಲೆಗೆ ಹೊಯ್ದುಕೊಂಡ ನೀರಿಗೆ ಕೆಳಗೆ ಕೈ ಹಾಕಲು ಮನಸ್ಸಾಗುವುದಿಲ್ಲ. ಬೇಸಿಗೆಯಲ್ಲಿ ಕೆಲವು ಕಡೆ ಹೊಳೆ ಒಣಗಿ ಬರೀ ಗುಂಡಿಗಳಾಗಿ ನಿಲ್ಲುತ್ತದೆ.

ಅಲ್ಲಿಂದ ಮುಂದೆ ಕಟ್ಟೆಮಳಲವಾಡಿ ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಮೈಸೂರಿನಿಂದ ಹಾಸನದ ಕಡೆ ರೈಲಿನಲ್ಲಿ ಹೋದರೆ ಸಾಗರಕಟ್ಟೆಯ ಹತ್ತಿರ ಹಿನ್ನೀರಿನ ಮೇಲೆ ಸೇತುವೆ ಬರುತ್ತದೆ. ಕಿಟಕಿ ಪಕ್ಕ ಕೂತಿರಿ. ಅಷ್ಟಗಲ ನೀರಿನಲ್ಲಿ ಯಾವುದು ಲಕ್ಷ್ಮಣತೀರ್ಥ, ಯಾವುದು ಕಾವೇರಿ ಅಂತ ಗೊತ್ತಾಗುವುದಿಲ್ಲ. ನನ್ನ ತಮ್ಮನೂ ನಾನೂ ಒಟ್ಟಿಗೆ ಆ ರೈಲಿನಲ್ಲಿ ಹೋದರೆ ಈಗಲೂ ಕಿಟಕಿ ಸೀಟು ಅವನಿಗೇ ಬಿಡುತ್ತೇನೆ.